ಮೋಟರಿನ ಎಡಕ್ಕ ಕುಂತಾವ

ನಮ್ಮ ಬೆಟಗೇರಿ ಓಣ್ಯಾಗ ಇಂಥಾವು ನಡಕೋತನ ಇರತಾವ. ನಾ ಕಿಡಕಿ ಹಾಕ್ಕೊಂಡು ಕುಂತ್ರೂ ಗೋಡಿ ಹಾರಿ ಬಂದು ನನ್ನ ಕಿವ್ಯಾಗ ಬೀಳತಾವ. ಸಾಲಿ ಕಟ್ಟಿ ಹತ್ತಿದ್ದು ಅಷ್ಟಕ್ಕಷ್ಟ, ಆದ್ರ ನೋಡಿದ್ದು ಮರಿಯಾಕಿ ಅಲ್ಲ ನಾ. ಇದು ಬಾಜೂ ಮನಿ ಹತ್ತಿ ದಲಾಲನ ಮೋಟರಿನ ಮಾತು. ಸ್ವಾತಂತ್ರ್ಯ ಬಂದಿತ್ತು. ಲಕ್ಷ್ಮೇಶ್ವರದ ಕಡೆ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದಿತ್ತು. ಕನ್ನಡದಾವರೆಲ್ಲಾ ಒಂದಾಗಬೇಕು ಅಂತ ಗದಗಿನ್ಯಾಗ ಭಾಷಣದ ಮ್ಯಾಲ ಭಾಷಣ. ನಾಡು ಒಂದಾಗೂ ಹೊತ್ತಿನ್ಯಾಗ ದಲಾಲನ ಸಂಸಾರ ಎರಡಾಗಾಕ ಹತ್ತಿತ್ತು.

೧. ತಲಿ ಅಲ್ಲಾಡಿಸಿದ ಹೆಣ

ಆ ಮೋಟರು ಮೊದಲು ಲಕ್ಷ್ಮೇಶ್ವರದಾಗ ಸಂಸ್ಥಾನದ ಒಬ್ಬ ಮುದಿ ಸಾಹೇಬಂದು, ದಪ್ಪ ಮೈ, ಮೂಗಿನ್ಯಾಗ ಯಾವಾಗಲೂ ತಪಕೀರಿನ ಪುಡಿ. ಆತ ಸತ್ತಿದ್ದು ಸೊರಟೂರಾಗ. ಯಾರ ಮನ್ಯಾಗ ಅಂತ ಕೇಳಬ್ಯಾಡ್ರಿ. ನೀವು ಕೇಳದಿದ್ರೂ ಹೇಳತೀನಿ: ಗಂಡನ್ನ ಬಿಟ್ಟಾಕಿ ಒಬ್ಬಾಕಿ ಇದ್ಲು, ಮೂಗಿನ್ಯಾಗ ಇಷ್ಟು ದೊಡ್ಡ ನತ್ತು, ಆಕಿ ಮನ್ಯಾಗ. ಖಬರ ಹಬ್ಬಿದ್ರ ಮರ್ಯಾದಿ ಹೋಗತೈತಿ ಅಂತ ಡ್ರೈವರ ಹೆಣಕ್ಕ ಕೋಟು ತೊಡಿಸಿ, ರುಮಾಲ ಸುತ್ತಿ, ಹಿಂದಿನ ಸೀಟಿನ ಎಡಕ್ಕ ಆನಿಸಿ ಕುಂಡ್ರಿಸಿ, ಹಾಡಹಗಲ ಊರಿಗೆ ಹೊಡಕೊಂಡು ಹೊಂಟ.

ದಾರ್ಯಾಗ ಹೊಲದ ಮಂದಿ ಎದ್ದು ನಿಂತು ಕೈಮುಗದ್ರು. ದಾರಿ ತುಂಬ ತಗ್ಗು. ಗಾಲಿ ತಗ್ಗಿಗೆ ಇಳದಾಗೊಮ್ಮೆ ಹೆಣ ಕಣ್ಣ ತಕ್ಕೊಂಡ ತಲಿ ಬಾಗಸತಿತ್ತು. ಮುಂದ ಖರೆ ಸಂಗತಿ ತಿಳದಾಗ ಕೈಮುಗದಾವರು ವಾರಗಟ್ಟಲೆ ಜ್ವರ ಬಂದು ಮಲಗಿದ್ರಂತ. ಆದ್ರ ಒಬ್ಬ ಮುದುಕ ಮಾತ್ರ ಅಂದ: "ಏನರ ಆಗಲಿ, ಜೀವ ಇದ್ದಾಗ ನಮ್ಮ ಕಡೆ ಹೊಳ್ಳಿ ಸೈತ ನೋಡಿದಾವನಲ್ಲ. ಹೋಗೂ ಮುಂದ ಎಲ್ಲಾರಿಗೂ ನಮಸ್ಕಾರ ಮಾಡಿ ಹ್ವಾದ."

೨. ಹೇಣ್ತಿ ಜಾಗಾ

ಅಂಥಾ ಮೋಟರನ್ನ ನಮ್ಮ ದಲಾಲ ಅಗ್ಗಕ್ಕ ಸಿಕ್ತಂತ ತಂದು ಅಂಗಳದಾಗ ನಿಂದರಿಸಿದ. ಒಳಗ ಯಾರೂ ಇಲ್ಲ, ಆದ್ರ ಹಿಂದಿನ ಎಡಮಗ್ಗಲ ಕುಸದು ಕುಂತಿತ್ತು, ದಪ್ಪ ಮನಷ್ಯಾ ಒಬ್ಬ ಕುಂತಂಗ. ಉರಿಬಿಸಲ ಮಧ್ಯಾಹ್ನ, ಓಣ್ಯಾಗ ಕಾಗಿ ಸೈತ ಕೂಗದ ಹೊತ್ತಿನ್ಯಾಗ, ಅದು ತಾನ ತಾನ 'ಕಿರ್‍ರ್…' ಅಂತ ನರಳತಿತ್ತು. ಬಾಗಲಾ ತಗದ್ರ ತಪಕೀರಿನ ವಾಸನಿ. ದಲಾಲನ ಮನ್ಯಾಗ ಮೂಗಿಗೆ ತಪಕೀರ ಏರಿಸಾವರು ಯಾರೂ ಇರಲಿಲ್ಲ.

ಮುಂಡರಗಿಗೆ ಒಂದು ಲಗ್ನಕ್ಕ ಗಂಡ ಹೇಣ್ತಿ ಹೊಂಟ್ರು. ಮುಂದ ಡ್ರೈವರ, ಹಿಂದ ಇವರಿಬ್ಬರು. ಗಂಡನ ಎಡಕ್ಕ ಹೇಣ್ತಿ ಕುಂಡ್ರಬೇಕಲ್ಲಾ, ಅಕ್ಕಿಕಾಳ ಬಿದ್ದ ದಿನದಿಂದ ಅದ ರೂಢಿ. ಕುಂತಾಕಿ ಕಿರ್ರನ ಚೀರಿದ್ಲು. ಮರಳಿ ಬಂದಾಕಿ ಮನಿಯೊಳಗ ಕಾಲಿಡಲಿಲ್ಲ, ಸೀದಾ ಶಿರಹಟ್ಟಿಗೆ ತವರಮನಿ ಬಸ್ಸು ಹತ್ತಿದ್ಲು. ಹತ್ತೂ ಮುಂದ ನನ್ನ ಮುಂದ ಅಂದ್ಲು:

"ಯಕ್ಕಾ, ಎಡಕ್ಕ ಕುಂತ್ರ ಆ ಸತ್ತಾವನ ತೊಡಿ. ಬಲಕ್ಕ ಕುಂತ್ರ ಗಂಡಗ ಕೇಡು. ಅವನ್ನ ಇಳಸಾಕ ಹೇಳು, ಆಮ್ಯಾಲ ನಾ ಸಂಸಾರಕ್ಕ ಬರತೀನಿ. ಇಲ್ಲಾಂದ್ರ ಇಲ್ಲ."

ಈಕಿ ಹಟಾ ಓಣಿಗೆಲ್ಲಾ ಗೊತ್ತು. ದಲಾಲ ಆ ದಿನದಿಂದ ತಾನ ರೊಟ್ಟಿ ಬಡ್ಯಾಕ ಹತ್ತಿದ. ಆ ರೊಟ್ಟಿ ನೋಡಿದ್ರ ದೆವ್ವಿನಕಿಂತ ಹೆಚ್ಚು ಅಂಜಿಕಿ ಬರತಿತ್ತು.

೩. ಇಳೀರಿ ಸಾಹೇಬರ

ದೆವ್ವ ಬಿಡಸಾವನೊಬ್ಬನ್ನ ಕರಸಿದ್ರು. ಆತ ಮೋಟರಿನ ಸುತ್ತ ತಿರಗಿ, ಎಡಕ್ಕಿನ ಗಾದಿ ಮೂಸಿ, "ಇವರು ಊರಿಗೆ ಮುಟ್ಟಿಲ್ಲ. ಲಕ್ಷ್ಮೇಶ್ವರದಾಗ ಇವರ ಕಚೇರಿ ಮುಂದ ಒಯ್ದು ಇಳಸ್ರಿ" ಅಂದ.

ಒಯ್ದ್ರು. ಕಚೇರಿ ಮುಂದ ನಿಂದರಿಸಿ ದಲಾಲ ಬಾಗಲಾ ತಗದು, "ಇಳೀರಿ ಸಾಹೇಬರ, ನಿಮ್ಮೂರ ಬಂತು" ಅಂದ. ಗಾಳಿ ಇಲ್ಲ, ಏನಿಲ್ಲ, ತಗದ ಬಾಗಲಾ ತಾನ ಮೆಲ್ಲಕ ಮುಚ್ಚಿಕೊಂತು. ನೋಡಾಕ ನಿಂತ ಮಂದಿ ಒಂದು ಮಾರು ಹಿಂದ ಸರದ್ರು. ದೆವ್ವ ಬಿಡಸಾವ ಗಾಜಿಗೆ ಕಿವಿ ಹಚ್ಚಿ ಎದ್ದು ನಿಂತ.

"ಇಳ್ಯಾಂಗಿಲ್ಲ ಅಂತಾರ. ಕಚೇರಿ ಮ್ಯಾಲ ಹಾರೂ ನಿಶಾನಿ ಬ್ಯಾರೆ ಐತಿ, ಇದು ನಮ್ಮ ಸಂಸ್ಥಾನ ಅಲ್ಲ ಅಂತಾರ."

"ಹಂಗಾರ ಎಲ್ಲಿ ಇಳೀತಾರಂತ?"

"ಮೊದಲ ಕರ್ನಾಟಕ ಒಂದಾಗಲಿ, ಆಮ್ಯಾಲ ವಿಚಾರ ಮಾಡೂಣು ಅಂತಾರ್ರಿ."

೪. ಕಮಾನ ಬಿಚ್ಚಿದ್ದು

ಇಷ್ಟ ಆದ ಮ್ಯಾಲ ದಲಾಲಗ ಸಿಟ್ಟು ಬಂತು. "ದೆವ್ವೂ ಇಲ್ಲ ಗಿವ್ವೂ ಇಲ್ಲ. ಹಿಂದಿನ ಗಾಲಿ ಮ್ಯಾಲಿನ ಕಮಾನ ಸತ್ತೈತಿ" ಅಂದ. ಉಕ್ಕಿನ ಪಟ್ಟಿ ಒಂದರ ಮ್ಯಾಲೊಂದು ಜೋಡಿಸಿ ಬಿಲ್ಲಿನಂಗ ಬಗ್ಗಿಸಿರತಾರಲ್ಲಾ, ಅದ ಕಮಾನ. ಎಡಕ್ಕೊಂದು, ಬಲಕ್ಕೊಂದು. ಗದಗಿನ ಗ್ಯಾರೇಜಿನಾವ ಮೋಟರು ನೋಡಿದವನ, "ಯಜಮಾನರ, ಜೀವಂತ ಮಂದಿ ಗಾಡಿ ಇದ್ರ ತರ್‍ರಿ" ಅಂತ ಬಾಗಲಾ ಹಾಕ್ಕೊಂಡ. ಕಡೀಕ ಹಿರೇಹಂದಿಗೋಳದಿಂದ ದಲಾಲನ ಅಕ್ಕನ ಗಂಡ ಬಂದ. "ಚಕ್ಕಡಿ ಅಚ್ಚು ಬಿಚ್ಚಿದಾವ ನಾ, ಇದ್ಯಾವ ದೊಡ್ಡ ಮಾತೋ" ಅಂತ ಮೀಸಿ ತಿರವಿದ.

ಮುಂದಿನ ಗಾಲಿಗೆ ಕಲ್ಲು ಕೊಟ್ರು. ಹಿಂದ ಜಾಕ್ ಹಚ್ಚಿ ಎತ್ತಿ, ಅಡಿಯೊಳಗ ಬೇವಿನ ದಿಮ್ಮಿ ಇಟ್ಟು, ಗಾಲಿ ಕಳಚಿದ್ರು. ನಟ್ಟು ಜಂಗ ಹಿಡದು ಕಲ್ಲಾಗಿದ್ವು. ಚಿಮಣಿ ಎಣ್ಣಿ ಸುರದು, ನಟ್ಟು ತಿರವೂ ಪಾನಾ ಹಾಕಿ, ಇಬ್ಬರೂ ಜೋತು ಬಿದ್ರು. ನಾ ಗೋಡಿ ಮ್ಯಾಲ ಹಪ್ಪಳಾ ಒಣಗಿಸಿಕೋತ ನಿಂತಿದ್ದೆ. ಹಪ್ಪಳಾ ಒಣಗಿ ಭಾಳ ಹೊತ್ತಾಗಿತ್ತು.

ಬಲಗಡೆದು ಸುಮ್ಮನ ಕೆಳಗ ಬಂತು. ಎಡಗಡೆದು ಕಡೀ ಬೋಲ್ಟು ಜಗ್ಗಿದ್ರು ನೋಡ್ರಿ, ಮೋಟರು ಮೈತುಂಬ ಒಮ್ಮೆ ನಡಗಿ, "ಹ್ಹಾ…ಹ್…" ಅಂತ ಉದ್ದಕ ಉಸರು ಬಿಡ್ತು. ಥೇಟ ಮುದಕರು ಭಾರ ಇಳಿಸಿದಂಗ. ಕೆಂಪನ್ನ ಜಂಗು ಇಬ್ಬರ ಮಾರಿ ಮ್ಯಾಲ ಉದರಿತು.

"ಭಾವಾರ, ನೀವು ಉಸರು ಬಿಟ್ರೇನು?"

"ನನ್ನ ಉಸರು ಆಗಲೇ ನಿಂತೈತಲೇ!"

ಎದ್ರು, ಬಿದ್ರು, ಓಡಿದ್ರು. ಅಕ್ಕನ ಗಂಡನ ಧೋತರ ಬೋಲ್ಟಿನ್ಯಾಗ ಸಿಕ್ಕು ಅಲ್ಲೇ ಉಳೀತು, ಆತ ಮಾತ್ರ ಮುಂದ ಹ್ವಾದ. ಅವತ್ತ ನನಗ ದೆವ್ವ ಕಾಣಲಿಲ್ಲ, ಕಾಣಬಾರದ್ದೆಲ್ಲಾ ಕಂಡಿತು.

೫. ಹಿಂದ ಇಬ್ಬರು

ಜೀವ ಬಂದ ಮ್ಯಾಲ ಇಬ್ಬರೂ ಮರಳಿ ಬಂದ್ರು. ಎರಡೂ ಕಮಾನ ಒಂದರ ಮಗ್ಗಲಿಗೊಂದು ಬಿದ್ದಿದ್ವು, ಎಣ್ಣಿ ಜಂಗು ಮೆತ್ತಿ ಅಕ್ಕ ತಂಗಿ ಇದ್ದಂಗ. ಕೈಗೆ ಹತ್ತರ ಇದ್ದದ್ದನ್ನ ಎತ್ತಿ "ಇದ ಎಡದ್ದು" ಅಂತ ಕಂಬಾರನ ಕಡೆ ಒಯ್ದು, ಕಾಸಿ ಬಡಿಸಿ ಛಲೋತ್ನ್ಯಾಗ ಬಾಗ ಕೊಡಿಸಿ, ತಂದು ಎಡಕ್ಕ ಕೂಡಿಸಿದ್ರು. ಇನ್ನೊಂದನ್ನ ಬಲಕ್ಕ ಬಿಗದ್ರು. ದಿಮ್ಮಿ ತಗದಾಗ ಎಡಮಗ್ಗಲ ಎದ್ದು ನಿಂತಿತು. ಕುಣದಾಡಿದ್ರು. ಬಲಕ್ಕ ಯಾರ ನೋಡಬೇಕು?

ಸಿಟ್ಟಾಗಿ ಹ್ವಾದಾಕಿನ್ನ ಕರಿಯಾಕ ಹೆಣ್ಣಮಗಳೊಬ್ಬಾಕಿ ಜೊತಿಗೆ ಬೇಕು ಅಂತ ದಲಾಲ ನನ್ನ ಕರಕೊಂಡ. ನಾ ಮುಂದ ಡ್ರೈವರನ ಮಗ್ಗಲಿಗೆ. ದಲಾಲ ಹಿಂದ ಎಡಕ್ಕ ಕುಂತು, "ನೋಡಕ್ಕಾ, ಎಲ್ಲೈತಿ ದೆವ್ವ?" ಅಂತ ಶಿರಹಟ್ಟಿ ತನಕ ಮೆರಕೋತ ಬಂದ.

ಹೇಣ್ತಿ ಕಟ್ಟಿ ಮ್ಯಾಲ ಬಂದು ನಿಂತ್ಲು. ಮೋಟರಿನ ಹಿಂದ ಹೋಗಿ ನೋಡಿದ್ಲು. ನಾನೂ ನೋಡಿದೆ. ಎಡಕ್ಕ ಎದ್ದಿತ್ತು, ಬಲಕ್ಕ ಕುಸದು ಕುಂತಿತ್ತು. ದಲಾಲನ ಮಾರಿ ಸುಣ್ಣ ಹಚ್ಚಿದಂಗಾತು.

ಆಕಿ ಮಾತ್ರ ನಕ್ಕಳು. "ನೋಡ್ರಿ, ಸತ್ತ ಮನಷ್ಯಾ ನಾ ಸಿಟ್ಟಾಗಿದ್ದು ತಿಳದು ನನ್ನ ಜಾಗಾ ಬಿಟ್ಟು ಸರದು ಕುಂತಾನ. ನೀವು ಲಗ್ನ ಆದಾಗಿಂದ ಹಾಸಗ್ಯಾಗ ಸೈತ ಸರದು ಮಲಗಿದಾವರಲ್ಲ." ಹಂಗಂದು ಗಂಟು ತಂದು, ಎಡಕ್ಕ ಹತ್ತಿ ಕುಂತು, ಬಲಕ್ಕ ಕೈ ತೋರಿಸಿದ್ಲು. "ಬರ್‍ರಿ, ಕುಂಡ್ರಿ. ನಿಮ್ಮ ಜಾಗಾ ಅದ."

ದಲಾಲ ಕಮಾನಿನ ಮಾತು ಎತ್ತಾಕ ಬಾಯಿ ತಗದ. ಅಷ್ಟೊತ್ತಿಗೆ ಬಲಗಡೆ ಗಾದಿ 'ಕಿರ್‍ರ್' ಅಂತು. "ಒಳಗ ಧಗೀ ಭಾಳ ಐತಿ, ನಾ ಗಾಳಿಗೆ ಬರತೀನಿ" ಅಂತ ಬಾಗಲದ ಕೆಳಗಿನ ಪಾಯಿದಾನದ ಮ್ಯಾಲ ನಿಂತು, ಮೋಟರಿನ ಛಾವಣಿ ಅಪ್ಪಿಕೊಂಡ. ದೆವ್ವಿಲ್ಲ ಅಂತ ಪಾನಾ ಹಿಡದು ಕಾದಿದ ಗಂಡಸು, ಧೂಳ ತಿನಕೋತ ಹಂಗ ಜೋತಾಡಿಕೋತ ಬಂದ.

ಮಲ್ಲಸಮುದ್ರದ ಹತ್ತರ ದನಾ ದಾಟಾಕ ಮೋಟರು ನಿಂತಿತು. ದನಾ ಹೊಡಿಯಾವ ನೋಡಿ ಕೇಳಿದ: "ಯಾಕ್ರಿ ದಲಾಲರ, ನೇತಾಡಿಕೋತ ಹೊಂಟೀರಿ? ಒಳಗ ಜಾಗಾ ಇಲ್ಲೇನು?"

ಹೇಣ್ತಿ ತಲಿ ಮ್ಯಾಲ ಸೆರಗ ಸರಿ ಮಾಡಿಕೊಂಡು ಕಿಡಕ್ಯಾಗಿಂದ ಹಣಿಕಿ ಹಾಕಿದ್ಲು.

"ಎಲ್ಲಿಂದ ಬರಬೇಕಪಾ ಜಾಗಾ? ಹಿಂದ ನಾವಿಬ್ಬರು ಕುಂತೀವಿ."