ರಾತ್ರಿ ಪಾಳಿಯೂ ಬಾಗಿಲ ಬೇವೂ

ದೇಹವೆಂಬುದು ಮನುಷ್ಯನ ಆಳು. ಏಳೆಂದರೆ ಏಳಬೇಕು, ಮಲಗೆಂದರೆ ಮಲಗಬೇಕು! ಆಳಂದದಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ರಾತ್ರಿ ಪಾಳಿ ಹಿಡಿದ ದಿನ ನಾನು ಹೆಂಡತಿ ನಿಂಬೆವ್ವನಿಗೆ ಹೇಳಿದ ಮಾತಿದು. ಹೇಳುವಾಗ ಮೀಸೆಯನ್ನೂ ತಿರುವಿದ್ದೆ.

ಅದು ಎರಡನೆಯ ಮಹಾಯುದ್ಧದ ಕಾಲ. ಆ ವರ್ಷ ಹತ್ತಿ ಎಷ್ಟು ಬಂದಿತ್ತೆಂದರೆ, ಅಫಜಲಪುರ, ಜೇವರ್ಗಿ ಕಡೆಯ ಗಾಡಿಗಳು ಜಿನ್ನಿನ ಮುಂದೆ ಮೂರು ಮೂರು ದಿನ ಸಾಲು ನಿಲ್ಲುತ್ತಿದ್ದವು. ಮಾಲೀಕರು ಇಂಜಿನನ್ನು ರಾತ್ರಿಯೂ ಓಡಿಸಲು ತೀರ್ಮಾನಿಸಿದರು. ಇಂಜಿನಿಗೆ ಹಗಲು ರಾತ್ರಿಯ ಭೇದವಿಲ್ಲ. ನನಗೂ ಇಲ್ಲವೆಂದು ಮ್ಯಾನೇಜರ ಜಹೀರುದ್ದೀನ ಸಾಹೇಬರಿಗೆ ಹೇಳಿದೆ.

"ನೋಡ್ರಿ ಬಸವಂತರಾಯ, ನಲವತ್ತು ರಾತ್ರಿ. ಒಂದೂ ನಾಗಾ ಆಗಬಾರದು. ಆಗಲಿಲ್ಲಂದ್ರ ರಾತ್ರಿ ಪಾಳಿ ಮೇಸ್ತ್ರಿ ನೀವೇ, ಪಕ್ಕಾ. ಒಂದು ತಪ್ಪಿತೋ, ಗುಡುಸಾಬಗ ಕೊಡ್ತೇನಿ."

"ನಲವತ್ತ್ಯಾಕ್ರಿ ಸಾಹೇಬರ, ನಾಕನೂರು ಹೇಳ್ರಿ!"

ಗುಡುಸಾಬ ಇಂಜಿನಿಗೆ ಎಣ್ಣೆ ಹಾಕುವವ. ಅವನು ತನ್ನ ಪಾಡಿಗೆ ಎಣ್ಣೆ ಹಾಕಿದ.

ಮೊದಲ ವಾರ ನನ್ನ ಆಳು ಕೆಲಸ ಬಿಡಲಿಲ್ಲ, ಎದುರುತ್ತರ ಕೊಡಲು ಮಾತ್ರ ಕಲಿಯಿತು. ನಡುರಾತ್ರಿ ಹೊಟ್ಟೆ ರೊಟ್ಟಿ ಕೇಳುತ್ತಿತ್ತು. ಮುಂಜಾನೆ ರೊಟ್ಟಿ ಕೊಟ್ಟರೆ, ಯಾರು ಕೇಳಿದ್ದರು ಎನ್ನುತ್ತಿತ್ತು. ಎರಡನೆಯ ವಾರ ಚೆಂಬು ಹಿಡಿದು ಬಯಲಿಗೆ ಹೋದವನು ನೀರನ್ನು ಹನಿ ಚೆಲ್ಲದೆ ಮನೆಗೆ ವಾಪಸು ತರತೊಡಗಿದೆ. ಕಣ್ಣು ಮೆಣಸಿನಪುಡಿ ಬಿದ್ದಂತೆ ಕೆಂಪು. ಮೂರನೆಯ ವಾರ ಮೈ ಇಳಿದು ಧೋತರದ ಗಂಟು ನಾಲ್ಕು ಬೆರಳು ಹಿಂದಕ್ಕೆ ಸರಿಯಿತು. ನರೋಣಾದಿಂದ ಬಂದ ಸ್ವಂತ ಮಾವನನ್ನು "ತಾವು ಯಾರ ಪೈಕಿ?" ಎಂದು ವಿಚಾರಿಸಿದೆ. ಮಾವ ನೀರೂ ಕುಡಿಯದೆ ಹೋದರು.

ಹಗಲು ಮಲಗಿದರಾಯಿತಲ್ಲ ಎನ್ನುವವರು ಆಳಂದದಲ್ಲಿ ಹಗಲು ಮಲಗಿ ನೋಡಿಲ್ಲ. ಕೋಳಿ, ಬಳೆಗಾರ, ಜೋಗಯ್ಯ. ಇವರೆಲ್ಲರ ಮೇಲೆ ಪಕ್ಕದ ಮನೆಯ ಮುದುಕಿ ಮಲ್ಕಮ್ಮ! ಒಮ್ಮೆ ಕೆಂಡಕ್ಕೆ ಬರುತ್ತಿದ್ದಳು, ಒಮ್ಮೆ ಹೆಪ್ಪಿಗೆ, ಒಮ್ಮೆ ಸುಮ್ಮನೆ. ಬಂದಾಗಲೆಲ್ಲ ನನ್ನ ಭುಜ ಅಲುಗಿಸುತ್ತಿದ್ದಳು.

"ಹೊತ್ತು ನೆತ್ತಿಗೇರ್ಯಾದ, ಗಂಡಸು ಮಲಗ್ಯಾನಲ್ಲ! ಜಡ್ಡೇನಪ ತಮ್ಮ?"

"ಜಡ್ಡಿಲ್ಲಬೇ, ನಿದ್ದಿ."

"ಹಂಗಿದ್ರ ಮಲಗಪ್ಪ. ಅದನ್ನ ಕೇಳಾಕ ಎಬ್ಬಿಸಿದೆ."

ಇಪ್ಪತ್ತೊಂಬತ್ತನೆಯ ದಿನ ನನಗೊಂದು ಉಪಾಯ ಹೊಳೆಯಿತು. ತಲೆ ಸರಿಯಿದ್ದವನಿಗೆ ಅದು ಹೊಳೆಯುತ್ತಿರಲಿಲ್ಲ. ಸಿಡುಬು ಎದ್ದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ. ಮನೆಯಲ್ಲಿ ದೇವಿ ಇದ್ದಾಳೆಂದು ತಿಳಿದು ಯಾರೂ ಹೊಸ್ತಿಲು ತುಳಿಯುವುದಿಲ್ಲ.

"ಏ, ಬಾಗಲಿಗಿ ನಾಕು ಬೇವಿನ ತಪ್ಪಲ ಕಟ್ಟು."

ನಿಂಬೆವ್ವ ಬೀಸುಕಲ್ಲು ನಿಲ್ಲಿಸಿದಳು. "ಬ್ಯಾಡ್ರಿ. ದೇವಿ ಕೂಡ ಆಟ ಬ್ಯಾಡ."

"ಇನ್ನ ಹನ್ನೊಂದ ರಾತ್ರಿ ಉಳದಾವ. ನಿದ್ದಿ ಇಲ್ದ ನಾ ಬಿದ್ದೆ ಅಂದ್ರ ಮೇಸ್ತ್ರಿ ಗುಡುಸಾಬ ಆಗ್ತಾನ. ಆಗಲೇನು?"

ಅವಳು ಕಟ್ಟಿದಳು. ನಾನು ಸಂಜೆ ನಾಲ್ಕರವರೆಗೆ ಮಲಗಿದೆ! ಕತ್ತಲಾದ ಮೇಲೆ ಹಿತ್ತಲ ಗೋಡೆ ಹಾರಿ ಪಾಳಿಗೆ ಹೋದೆ. ನನ್ನಂಥ ಬುದ್ಧಿವಂತ ಇಡೀ ತಾಲೂಕಿನಲ್ಲಿ ಇಲ್ಲವೆಂದು ದಾರಿಯುದ್ದಕ್ಕೂ ಅನಿಸಿತು.

ಮರುದಿನ ಎಚ್ಚರವಾದದ್ದು ಹಾಡಿಗೆ. ಮಲ್ಕಮ್ಮ ಐದು ಹೆಂಗಸರೊಂದಿಗೆ ತಣ್ಣೀರ ಕೊಡ, ಮೊಸರನ್ನ ಹಿಡಿದು ಹಾಸಿಗೆಯ ಸುತ್ತ ನಿಂತಿದ್ದಳು. ಬೇವು ಕಂಡರೆ ಯಾರೂ ಬರುವುದಿಲ್ಲ ಎಂಬ ನನ್ನ ಲೆಕ್ಕದಲ್ಲಿ, ಸಿಡುಬು ಒಮ್ಮೆ ಬಂದು ಹೋದವರಿಗೆ ಅಂಜಿಕೆಯಿಲ್ಲ ಎಂಬುದು ಬಿಟ್ಟುಹೋಗಿತ್ತು. ಅಂಥವರು ದೇವಿಯ ಸೇವೆಗೆ ಬಂದೇ ಬರುತ್ತಾರೆ.

ಮಲ್ಕಮ್ಮ ಹೊದಿಕೆ ಸರಿಸಿದಳು. "ಅಯ್ಯ ನಮ್ಮವ್ವ! ಮಾರಿ ತುಂಬ ಗುಳ್ಳಿಯಾಗಿ ಎದ್ದಾಳ!"

"ಜಿನ್ನಿನ್ಯಾಗ ಸೊಳ್ಳಿ ಕಡದಾವಬೇ!"

"ಕಣ್ಣು ನೋಡು, ಕೆಂಡ ಆಗ್ಯಾವ. ನಾಲಿಗಿ ತೆಗಿ. ಬೆಳ್ಳಗ ಆಗ್ಯಾದ. ಎದ್ದು ನಿಂದರು." ನಿಂತೆ. ತೂರಾಡಿದೆ. "ನಿಂಬೆವ್ವ, ಹೊಟ್ಟಿ ಹ್ಯಾಂಗದ ಇವಂದು?"

ನನ್ನ ಹೆಂಡತಿ ಎಂದೂ ಸುಳ್ಳು ಹೇಳಿದವಳಲ್ಲ. "ಮೂರು ದಿನ ಆತು, ಕಟ್ಯಾದ."

ರಾತ್ರಿ ಪಾಳಿ ನನ್ನ ಮೈಮೇಲೆ ಬರೆದದ್ದೆಲ್ಲ ದೇವಿಯ ಅಕ್ಷರವೆಂದು ತೀರ್ಪಾಯಿತು. ಕೊನೆಗೆ ತಪ್ಪೊಪ್ಪಿಕೊಂಡೆ: "ನಿದ್ದಿ ಸಲುವಾಗಿ ನಾನೇ ಬೇವು ಕಟ್ಟಿಸೀನಿ. ದೇವಿ ಬಂದಿಲ್ಲ."

ಮಲ್ಕಮ್ಮ ಎರಡೂ ಕೆನ್ನೆ ಬಡಿದುಕೊಂಡಳು. "ಕರದು ಕುಂದ್ರಿಸಿ, ಬಂದಿಲ್ಲಂತೀ? ದೇವಿ ಸಿಟ್ಟು ಓಣಿಗೆಲ್ಲ ತರ್ತೀಯೇನ? ಒಂಬತ್ತು ದಿನ ಮಲಗು. ಆಮ್ಯಾಲ ನೀರು ಹಾಕಿ ಮರ್ಯಾದಿಲೆ ಕಳಸೋಣ."

ಸಂಜೆ ರುಮಾಲು ಸುತ್ತಿ ಹೊರಬಿದ್ದರೆ, ಎದುರು ಜಗಲಿಯ ಮೇಲೆ ಸುದ್ದಿ ತಿಳಿದು ಮೂಗಿಗೆ ವಸ್ತ್ರ ಹಿಡಿದು ಬಂದ ಸ್ವತಃ ಸಾಹೇಬರು!

"ಅಲ್ಲೇ ನಿಂದರ್ರಿ ಬಸವಂತರಾಯ! ಜಿನ್ನಿನ್ಯಾಗ ಅರವತ್ತು ಮಂದಿ ದುಡ್ಯಾಕತ್ತಾರ."

"ಸಾಹೇಬರ, ಜಡ್ಡು ಸುಳ್ಳರಿ! ನಿದ್ದಿ ತಡಿಲಾರದ ಮಾಡೀನ್ರಿ."

ಸಾಹೇಬರು ಮೂಗಿನ ವಸ್ತ್ರ ತುಸು ಇಳಿಸಿದರು. "ಹಿಂಗ ಮಾಡೋಣ. ಜಡ್ಡು ಖರೇ ಇದ್ರ ಒಳಗ ಹೋಗ್ರಿ, ಗುಣ ಆದಮ್ಯಾಲ ಹಗಲ ಪಾಳಿಗಿ ಬರ್ರಿ. ಸುಳ್ಳಿದ್ರ ಈಗೇ ಬರ್ರಿ. ನಾಕನೂರು ರಾತ್ರಿ ಅಂದಾಂವ ಒಂದು ತಿಂಗಳಿಗೇ ದೇವಿ ಕಾಲಿಗಿ ಬಿದ್ದ ಅಂತ ಅರವತ್ತು ಮಂದಿಗೂ ನೀವೇ ಹೇಳ್ರಿ."

ನಾನು ಸುತ್ತಿದ ರುಮಾಲು ಬಿಚ್ಚಿದೆ.

"ಜಡ್ಡು ಖರೇನೇ ಅದರಿ," ಎಂದು ಒಳಗೆ ಹೋಗಿ ಮಲಗಿದೆ.

ಒಂಬತ್ತು ದಿನ ಒಗ್ಗರಣೆಯಿಲ್ಲ, ಎಣ್ಣೆಯಿಲ್ಲ, ಕ್ಷೌರವಿಲ್ಲ. ಮೊಸರನ್ನ, ತಣ್ಣೀರು. ದೇವಿಗೆ ಅಂಜಿ ಓಣಿಯೇ ಪಿಸುಮಾತಿಗೆ ಇಳಿದಿತ್ತು. ಹೊತ್ತು ಮುಳುಗಿದರೆ ನಿದ್ದೆ, ಹೊತ್ತು ಹುಟ್ಟಿದರೆ ಎಚ್ಚರ. ಮೂರನೆಯ ದಿನ ಚೆಂಬಿನ ನೀರು ಖರ್ಚಾಯಿತು. ಐದನೆಯ ದಿನ ಕಣ್ಣು ಬೆಳ್ಳಗಾಯಿತು. ಏಳನೆಯ ದಿನ ಮಾವನ ಹೆಸರು ತಾನಾಗಿ ನೆನಪಾಯಿತು. ಒಂಬತ್ತನೆಯ ದಿನ ಮೈಮೇಲೆ ನೀರು ಹಾಕಿದಾಗ ಒಂದು ಕಲೆಯೂ ಇರಲಿಲ್ಲ. ಮಲ್ಕಮ್ಮ ಅದನ್ನು ದೇವಿಯ ಮಹಿಮೆ ಎಂದು ಮೂರು ಓಣಿಗೆ ಸಾರಿ ಬಂದಳು.

ಮರುದಿನ ಜಿನ್ನಿಗೆ ಹೋದರೆ ಗುಡುಸಾಬ ರಾತ್ರಿ ಪಾಳಿ ಮೇಸ್ತ್ರಿಯಾಗಿದ್ದ. ಅವನ ಕಣ್ಣು ಕೆಂಪಗಿತ್ತು. ನನ್ನನ್ನು ನೋಡಿ, "ತಾವು ಯಾರು?" ಎಂದ.

ಸೋತ ದಂಡಿನಂತೆ ಮನೆಗೆ ಬಂದೆ. ನಿಂಬೆವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಮೇಸ್ತ್ರಿಕಿ ಹೋಯ್ತು. ಹಗಲ ಪಾಳಿಗಿ ಹಾಕ್ಯಾರ," ಎಂದೆ ದೊಡ್ಡ ದನಿಯಲ್ಲಿ. "ರಾತ್ರಿಯೆಲ್ಲ ಎಚ್ಚರ ಇರೋದು ಎಲ್ಲರ ಕೈಲಾಗೋ ಮಾತಲ್ಲ. ನಿನಗ ಅದು ತಿಳಿಯಂಗಿಲ್ಲ ಬಿಡು."

ಅವಳು ತಲೆ ಎತ್ತಲಿಲ್ಲ.

"ಇಲ್ರಿ, ನನಗ್ಯಾಂಗ ತಿಳೀಬೇಕು? ಕೋಳಿ ಕೂಗೂಕಿಂತ ಮೊದಲ ಎದ್ದು ಬೀಸೀನಿ, ನೀವು ಬರೂದರಾಗ ರೊಟ್ಟಿ ಬಡದೀನಿ. ನೀವು ಮಲಗಿದಾಗ ಕೋಳಿ ಹೊಡೀತಾ ಬಾಗಲಾ ಕಾದೀನಿ. ಸಂಜಿಗಿ ಬುತ್ತಿ ಕಟ್ಟೀನಿ, ರಾತ್ರಿ ನಿಮ್ಮ ಹಾದಿ ಕಾದೀನಿ. ಆಮ್ಯಾಲ ಒಂಬತ್ತು ದಿನ ದೇವಿ ಸೇವಾ. ಇವತ್ತಿಗಿ ಮೂವತ್ತೊಂಬತ್ತು ದಿನ ಆತು, ಒಂದೂ ನಾಗಾ ಇಲ್ಲ. ಈ ಪಾಳಿಗಿ ಮೇಸ್ತ್ರಿ ಯಾರ್ರೀ?"

ನಾನು ಕಾಲು ತೊಳೆದು ಬರುವಷ್ಟರಲ್ಲಿ, ಮೊರ ಹಿಡಿದು ಕುಳಿತಲ್ಲೇ ಅವಳಿಗೆ ನಿದ್ದೆ ಹತ್ತಿತ್ತು.