ಕೊಪ್ಪರಿಗೆಯಲ್ಲಿ ಕಾಳಿ ಹೊಳೆ

ನಮ್ಮ ಕಾಕಾನಂಥ ಅಂಬಿಗ ನವಲಗುಂದ ತಾಲ್ಲೂಕಿನಲ್ಲಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಈ ಮಾತಿಗೆ ಯಾರೂ ಎದುರಾಡಲಾರರು. ಏಕೆಂದರೆ ನಮ್ಮೂರ ಸುತ್ತ ದೋಣಿ ತೇಲುವಷ್ಟು ನೀರೇ ಇಲ್ಲ! ಇರುವುದೆಲ್ಲ ಎರೆಮಣ್ಣು, ಅದರ ಮೇಲೆ ಜೋಳ, ಹತ್ತಿ, ಕಡಲೆ. ಅಂಥ ಊರಲ್ಲಿ ಕೂತು ಕಾಕಾ ಒಂದು ದಿನ, ದಾಂಡೇಲಿ ಕಡೆಯ ಕಾಳಿ ಹೊಳೆಯಲ್ಲಿ, ಬಂಡೆಗಳ ನಡುವೆ ನೊರೆ ಕಾರುತ್ತ ಇಳಿಯುವ ನೀರಿನ ಮೇಲೆ ತೇಲಿಕೊಂಡು ಹೋಗುತ್ತೇನೆಂದು ಸಾರಿಬಿಟ್ಟ.

ಕಾಳಿ ಹೊಳೆಯೇ ಏಕೆ? ಚಿಗವ್ವನ, ಅಂದರೆ ಕಾಕಾನ ಹೆಂಡತಿಯ, ತವರು ಇದ್ದದ್ದು ಅದರ ದಂಡೆಯಲ್ಲಿ. ಮದುವೆಯಾದ ಹೊಸತರಲ್ಲಿ ಅಲ್ಲಿಗೆ ಹೋದ ಕಾಕಾ ಮೊಣಕಾಲುದ್ದ ನೀರಿಗೆ ಹೆದರಿ ಹೆಂಡತಿಯ ಸೆರಗು ಹಿಡಿದು ನಿಂತಿದ್ದನಂತೆ. ಅದನ್ನು ಹೇಳಿಕೊಂಡು ಅವಳ ಅಣ್ಣ ಪ್ರತಿ ಹಬ್ಬಕ್ಕೂ ನಗುತ್ತಿದ್ದ. ಈಗ ಅಲ್ಲಿ ಅಣೆಕಟ್ಟಿನ ಕೆಲಸ ನಡೆದಿತ್ತು. ಅದು ಮುಗಿದರೆ ಹರಿಯುವ ಹೊಳೆ ನಿಂತ ನೀರಾಗುತ್ತದೆ, ತವರೂರು ಮುಳುಗುತ್ತದೆ. ಅಷ್ಟರೊಳಗೆ ಹೊಳೆ ಇಳಿದು ಮಾನ ಉಳಿಸಿಕೊಳ್ಳಬೇಕೆಂದು ಕಾಕಾ ಹೇಳುತ್ತಿದ್ದ. ನಮ್ಮೂರವರಿಗೆ ಮಾತ್ರ ಬೇರೆಯದೇ ಖುಷಿ: ಕರೆಂಟು ಜಾಸ್ತಿ ಬರುತ್ತದೆ, ಹಿಟ್ಟಿನ ಗಿರಣಿ ಹಗಲೆಲ್ಲ ನಡೆಯುತ್ತದೆ! ಮುಳುಗುವ ಊರಿನ ಹೆಸರನ್ನು ಯಾರೂ ಕೇಳಲಿಲ್ಲ.

ದೋಣಿ ಬೇಕಲ್ಲ? ಕಲಘಟಗಿ ಕಡೆಯಿಂದ ಹಳೆಯದೊಂದು ಬೆಲ್ಲದ ಕೊಪ್ಪರಿಗೆ ತಂದ. ಕಬ್ಬಿನ ಹಾಲು ಕುದಿಸುವ, ನಾಲ್ಕು ಜನ ಕೂರಬಹುದಾದ ಕಬ್ಬಿಣದ ಬಾಣಲೆ ಅದು. ಬಸ್ಸಿನ ಮೇಲೆ ಬೋರಲು ಹಾಕಿಕೊಂಡು ಬರುವಾಗ ಕಂಡಕ್ಟರು ಲಗೇಜಿನ ಟಿಕೆಟ್ ಕೇಳಿದರೆ, ಇದು ಲಗೇಜಲ್ಲ, ವಾಹನ ಎಂದು ಹುಬ್ಬಳ್ಳಿಯವರೆಗೂ ವಾದ ಮಾಡಿದನಂತೆ. ಕೊಪ್ಪರಿಗೆ ಬಂದ ಮರುದಿನವೇ ಊರಿನ ಇರುವೆಗಳೆಲ್ಲ ನಮ್ಮ ಹಿತ್ತಲಿಗೆ ಬಂದವು. ಹೊಳೆ ಇಳಿಯುವುದು ಅತ್ತ ಇರಲಿ, ಇರುವೆಗಳನ್ನು ದೋಣಿಯಿಂದ ಇಳಿಸುವುದೇ ದೊಡ್ಡ ಕೆಲಸವಾಯಿತು!

ಈಜು? ಬರುತ್ತಿರಲಿಲ್ಲ. ಕೆರೆಯಲ್ಲಿ ಕಲಿಯೋಣವೆಂದರೆ ಅದು ಊರು ಕುಡಿಯುವ ನೀರು, ಕಾಲಿಟ್ಟರೆ ಹಿರಿಯರು ಸುಮ್ಮನಿರುತ್ತಿರಲಿಲ್ಲ. ಕಾಕಾ ಪಡಸಾಲೆಯ ಹತ್ತಿಯ ರಾಶಿಯ ಮೇಲೆ ಬೋರಲು ಬಿದ್ದು ಕೈಕಾಲು ಬಡಿಯತೊಡಗಿದ. ಹತ್ತಿ ಮೂಗಿಗೆ ಹೋಯಿತು, ಬಾಯಿಗೆ ಹೋಯಿತು, ಉಸಿರು ಕಟ್ಟಿತು. ಹತ್ತಿಯಲ್ಲಿ ಮುಳುಗಿದವನನ್ನು ಎಲ್ಲಾದರೂ ಕಂಡಿದ್ದೀರಾ? ಚಿಗವ್ವ ಬೆನ್ನು ತಟ್ಟುತ್ತ, "ದಂಡಿ ಮುಟ್ಟಿದ್ರೇನ್ರಿ?" ಎಂದಳು.

ಆಮೇಲೆ ನೊರೆನೀರಿನ ತಾಲೀಮು. ಬೇಸಿಗೆಯಲ್ಲಿ ನೇಗಿಲು ಹೊಡೆದ ನಮ್ಮ ಹೊಲದ ತುಂಬ ಕುಂಬಳಕಾಯಿ ಗಾತ್ರದ ಹೆಂಟೆಗಳು. ಹೊಳೆಯ ಬಂಡೆಗೂ ಹೊಲದ ಹೆಂಟೆಗೂ ಏನು ಫರಕು? ಕೊಪ್ಪರಿಗೆಗೆ ಎತ್ತು ಕಟ್ಟಿಸಿ, ಸೊಂಟಕ್ಕೆ ಒಣ ಸೋರೆಬುರುಡೆ ಬಿಗಿದು, ಅಂಬಲಿ ತಿರುವುವ ಉದ್ದನೆಯ ಹುಟ್ಟು ಹಿಡಿದು ಒಳಗೆ ಕೂತ. ಅಡುಗೆಮನೆಯದಾದರೇನು, ದೋಣಿಯದಾದರೇನು, ಎರಡಕ್ಕೂ ಹೆಸರು ಹುಟ್ಟೇ ಅಲ್ಲವೇ? ಆಗಷ್ಟೇ ಅಣ್ಣಿಗೇರಿಯಲ್ಲಿ ಮಾಸ್ತರನಾಗಿದ್ದ ನಾನು ಬೇಸಿಗೆ ಸೂಟಿಗೆ ಊರಿಗೆ ಬಂದವನು ಎತ್ತು ಹೊಡೆಯುವ ಕೆಲಸಕ್ಕೆ ಸಿಕ್ಕಿಬಿದ್ದೆ.

"ಕಾಕಾ, ಹೊಳ್ಯಾಗ ಎತ್ತು ಇರೂದಿಲ್ಲ."

"ನೀರು ಎಳೀತೈತಲೇ. ನಿನ್ನ ಎತ್ತಿಗಿಂತ ಜೋರ ಎಳೀತೈತಿ."

ಹತ್ತು ಮಾರು ಹೋಗುವುದರಲ್ಲಿ ಕೊಪ್ಪರಿಗೆ ಮಗುಚಿತು. ಕಾಕಾ ಕಾಣಲಿಲ್ಲ. ಗಾಬರಿಯಾಗಿ ಓಡಿಹೋದರೆ ಕೊಪ್ಪರಿಗೆಯ ಕೆಳಗಿನಿಂದ ದನಿ ಬಂತು: "ಎಲ್ಲೀತನಾ ಬಂದ್ವಿ?"

ಒಂಟಿಯಾಗಿ ಹೋಗುವ ಮಾತಾಡುತ್ತಿದ್ದವನು ಕೊಪ್ಪರಿಗೆಯೊಳಗೆ ಎರಡು ಹಲಗೆ ಕೂರಿಸಿದ್ದ. ತನ್ನದು ಬರೀ ಹಲಗೆ, ಇನ್ನೊಂದರ ಮೇಲೆ ಹೊಸ ಹತ್ತಿ ತುಂಬಿದ ಗಾದಿ. ಯಾರಿಗೆ ಎಂದು ಕೇಳಿದರೆ ಬುತ್ತಿ ಇಡಲಿಕ್ಕೆ ಎಂದ. ಜೋಳದ ರೊಟ್ಟಿಗೂ ಗಾದಿ! ಅದನ್ನು ಕಟ್ಟೆಯ ಮೇಲೆ ಹೇಳಿ ಊರನ್ನೆಲ್ಲ ನಗಿಸಿದೆ.

ಮಳೆ ಬೀಳುವ ಮೊದಲೇ ಹೊರಡಬೇಕಿತ್ತು. ಅದಕ್ಕೂ ಮುಂಚೆ ಚಿಗವ್ವನ ಅಣ್ಣ ಬಂದ. ಊರು ಖಾಲಿ ಮಾಡಿಸಿದರು, ಮನೆ ಕೆಡವಿದರು, ದಂಡೆಗೆ ಹೋಗಲೂ ಈಗ ಬಿಡುವುದಿಲ್ಲ ಎಂದು ಹೇಳಿದ. ಹಿತ್ತಲಿನ ಕೊಪ್ಪರಿಗೆ, ಗಾದಿ, ಸೋರೆಬುರುಡೆ ಎಲ್ಲವನ್ನೂ ನೋಡಿದ. ಈ ಸಲ ಅವನು ನಗಲಿಲ್ಲ. ಚಿಗವ್ವ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು.

ಅವನು ಹೋದ ಮರುದಿನ ಕಾಕಾ ದೂರದ ಕಾಲುವೆಯಿಂದ ಬಂಡಿಯಲ್ಲಿ ಪೀಪಾಯಿಗಟ್ಟಲೆ ನೀರು ತಂದ. ಇನ್ನೇನು ಹುಚ್ಚೋ ಎಂದು ಹಿತ್ತಲಿಗೆ ಹೋಗಿ ನೋಡಿದೆ. ಕೊಪ್ಪರಿಗೆ ತುಂಬಿತ್ತು. ಒಳಗೆ ಬಂಡೆಯ ಬದಲು ಒರಳಿನ ಗುಂಡು. ಹಲಗೆಯನ್ನು ಕೊಪ್ಪರಿಗೆಯ ಅಂಚಿನ ಮೇಲೆ ಹಾಕಿ, ಅದೇ ಗಾದಿಯ ಮೇಲೆ ಚಿಗವ್ವ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದಳು. ಬುತ್ತಿಯ ಗಾದಿ ಯಾರಿಗೆಂದು ಆಗ ತಿಳಿಯಿತು. ಮದುವೆಯಾಗಿ ಈ ಒಣ ನೆಲಕ್ಕೆ ಬಂದವಳು ಹೊಳೆಯ ಮಾತನ್ನು ನಮ್ಮ ಯಾರ ಮುಂದೆಯೂ ಆಡಿದವಳಲ್ಲ. ಅವಳ ಮನಸ್ಸು ಕಾಕಾ ಒಬ್ಬನಿಗೆ ಗೊತ್ತಿತ್ತು.

ಕಾಕಾ ಮೊಣಕಾಲೂರಿ ಹುಟ್ಟಿನಿಂದ ನೀರನ್ನು ಅವಳ ಪಾದದ ಕಡೆಗೆ ನೂಕುತ್ತಿದ್ದ.

"ಇಷ್ಟು ಜೋರ ಇತ್ತೇನು?"

ಚಿಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಇಲ್ರಿ. ಇನ್ನೂ ಜೋರ ಇತ್ತು."

ಕಾಕಾ ಎದ್ದು ನಿಂತು, ಎರಡೂ ಕೈಯಲ್ಲಿ ಹುಟ್ಟು ಹಿಡಿದು, ಇನ್ನೂ ಜೋರಾಗಿ ನೂಕಿದ.