ಉಪ್ಪುನೀರಿನ ಸುಳಿ

ಇಡೀ ಕೊಪ್ಪಳದಲ್ಲಿ ವಿದ್ಯುತ್ ಕಣಗಳ ಕಿವಿ ಹಿಂಡಿ ತಿರುಗಿಸಬಲ್ಲ ಮಾಸ್ತರ ನಾನೊಬ್ಬನೇ ಎಂದು ಲೋಕಕ್ಕೆ ಸಾರಲು ೧೯೪೧ರ ರೊಟ್ಟಿ ಪಂಚಮಿಯ ಬೆಳಿಗ್ಗೆ ನಿಶ್ಚಯಿಸಿದೆ. ಶಾಲೆಯ ಉರ್ದು ವಿಜ್ಞಾನ ಪುಸ್ತಕದಲ್ಲಿ ಬರೆದಿತ್ತು: ಓಡುವ ಕಣಕ್ಕೆ ಅಯಸ್ಕಾಂತ ಎದುರಾದರೆ ಕಣ ದಾರಿ ಬಾಗಿಸಿ ಸುತ್ತು ಹಾಕುತ್ತದೆ.

ಹೆಂಡತಿ ಕಳಕಮ್ಮ ಎರಡು ವರ್ಷ ತಪ್ಪಿದ ಮೇಲೆ ಅವತ್ತೇ ಪಂಚಮಿಗೆ ತವರಿಗೆ ಹೊರಟಿದ್ದಳು. ಕರೆಯಲು ಅವಳ ತಮ್ಮ ಹಂಪಣ್ಣ ಬಂದಿದ್ದ. ಹನ್ನೊಂದರ ರೈಲು ತಪ್ಪಿದರೆ ಹಬ್ಬವೇ ತಪ್ಪಿದಂತೆ.

"ಇನ್ನೂ ಎರಡು ತಾಸು ಐತಿ. ಕೂಡೋ ಹಂಪಣ್ಣ, ಒಂದು ಚಮತ್ಕಾರ ತೋರಸ್ತೀನಿ," ಎಂದೆ.

ಪಿಂಗಾಣಿ ಬಟ್ಟಲಲ್ಲಿ ಉಪ್ಪುನೀರು. ಅಂಚಿಗೊಂದು, ನಡುವಿಗೊಂದು ತಾಮ್ರದ ತಂತಿ. ಬ್ಯಾಟರಿಯ ನಾಲ್ಕು ಸೆಲ್ಲು. ಬಟ್ಟಲಡಿಗೆ, ಮೋಟಾರು ರಿಪೇರಿಯ ಟಿಪ್ಪುಸಾಬ ಹಳೇ ಬಸ್ಸಿನಿಂದ ಕಿತ್ತುಕೊಟ್ಟ ಎತ್ತಿನ ಕೋಡಿನಂಥ ಅಯಸ್ಕಾಂತ. ಮೇಲೆ ಚಿಟಿಕೆ ಅರಿಶಿನ ಉದುರಿಸಿ ತಂತಿ ಕೂಡಿಸಿದೆ. ಯಾರೂ ಮುಟ್ಟದೆ ಅರಿಶಿನ ಗಿರಕಿ ಹೊಡೆಯಿತು!

"ಮಾವಾರ, ದೆವ್ವ ಹೊಕ್ಕೈತೇನ್ರಿ ಇದರಾಗ?"

"ದೆವ್ವ ಅಲ್ಲೋ, ಉಪ್ಪಿನ ಕಣ. ನಿಮಿಷಕ್ಕ ಎಷ್ಟು ಸುತ್ತು ಅಂತ ಎಣಸೋಣ. ನಿನ್ನ ಗಡಿಯಾರ ಕೊಡು."

ಮನೆಯಲ್ಲಿದ್ದದ್ದು ಅದೊಂದೇ ಗಡಿಯಾರ. ಅದನ್ನು ಅಯಸ್ಕಾಂತಕ್ಕೆ ಆನಿಸಿಟ್ಟು ಎಣಿಸಿದೆ. ಉಪ್ಪು ಹೆಚ್ಚಿಸಿ ಮತ್ತೆ ಎಣಿಸಿದೆ.

ಕಳಕಮ್ಮ ರೊಟ್ಟಿಗಂಟು ಹಿಡಿದು ಬಂದಳು. "ಹೊತ್ತಾತ್ರಿ."

"ಗಡಿಯಾರ ನೋಡು, ಇನ್ನೂ ಹತ್ತಾಗಿಲ್ಲ."

"ಬಿಸಿಲು ಕಟ್ಟಿ ದಾಟೈತಿ."

"ಬಿಸಿಲನ್ನ ನಂಬ್ತಿ, ವಿಲಾಯ್ತಿ ಯಂತ್ರ ನಂಬೋದಿಲ್ಲೇನು?"

ನಾವು ಮುಟ್ಟಿದಾಗ ಸ್ಟೇಷನ್ನಿನ ಕಟ್ಟೆಯ ಮೇಲೆ ಒಂದು ನಾಯಿ ಬಿಟ್ಟರೆ ಪ್ರಯಾಣಿಕರು ಯಾರೂ ಇರಲಿಲ್ಲ. ನಾನು ಕೆಂಡವಾಗಿ ಸ್ಟೇಷನ್ ಮಾಸ್ತರರ ಮೇಲೆ ಹರಿಹಾಯ್ದೆ: "ನಿಮ್ಮ ಗಡಿಯಾರ ಮುಂದೈತಿ!"

"ಇರಬಹುದ್ರಿ," ಎಂದರು ಅವರು. "ರೈಲೂ ಮುಂದ ಹೋಗೈತಿ."

ಹಂಪಣ್ಣ ಗಡಿಯಾರದ ಬೆನ್ನು ಬಿಚ್ಚಿದ. ಒಳಗಿನ ಉಕ್ಕಿನ ಸುರುಳಿಯ ಸುತ್ತುಗಳು ಅಯಸ್ಕಾಂತದ ಗುಣ ಕಲಿತು ಒಂದಕ್ಕೊಂದು ಅಂಟಿದ್ದವು. ಮುಳ್ಳು ನಿಂತು ನಿಂತು ನಡೆಯುತ್ತಿತ್ತು.

ಮನೆಗೆ ಬಂದವಳೇ ಕಳಕಮ್ಮ ರೊಟ್ಟಿಗಂಟನ್ನು ಕಟ್ಟೆಯ ಮೇಲೆ ಕುಕ್ಕಿದಳು. ಆಮೇಲೆ ಬಾಯಿ ಬಿಚ್ಚಿದಳು.

"ಆಚಿ ವರ್ಷ ನಿಮ್ಮ ಪರೀಕ್ಷಾ. ಹೋದ ವರ್ಷ ನಿಮ್ಮವ್ವನ ಮೊಣಕಾಲು. ಈ ವರ್ಷ ಉಪ್ಪುನೀರು! ತಮ್ಮಾ, ಬೇವಿನ ಗಿಡಕ್ಕ ಹಗ್ಗ ಕಟ್ಟು. ತವರಿನ ಪಂಚಮಿ ಜೋಕಾಲಿ ಇಲ್ಲೇ ಆಗ್ಲಿ."

ಜೋಕಾಲಿ ಇಳಿಯಿತು. ಅವಳು ಏರಿ ಕೂತು ನನ್ನತ್ತ ಕಣ್ಣು ಬಿಟ್ಟಳು. "ತೂಗ್ರಿ."

"ಇದು ತವರಿನವರ ಕೆಲಸ ಮಾವಾರ," ಎಂದ ಹಂಪಣ್ಣ, ಕಟ್ಟೆಯ ಮೇಲೆ ರೊಟ್ಟಿ ಮುರಿಯುತ್ತ. "ಇವತ್ತ ನಿಮಗ ಬಿಟ್ಟೀನಿ."

ತೂಗಿದೆ. ಓಣಿಯ ಹೆಂಗಸರೆಲ್ಲ ನೆರೆದರು. ಪಕ್ಕದ ಮನೆಯ ಹುಸೇನಬೀ ನನ್ನ ರಟ್ಟೆ ಸಾಲದೆಂದಳು. ಹೊತ್ತು ಇಳಿಯಿತು, ತೋಳು ಕಳಚಿಬೀಳುವಂತಾಯಿತು.

"ಸಿಟ್ಟು ಇಳೀತೇನ?" ಎಂದೆ, ಮೆಲ್ಲಗೆ.

"ಇಳೀತು ಅಂದ್ರ ತೂಗೋದು ಬಿಡ್ತೀರಿ," ಎಂದಳು. "ಇಳದಿಲ್ಲ. ತೂಗ್ರಿ."